ಬೀಗರು ಯಾವ ಕಡೆಯವರು?

ಹೆಣ್ಣು-ಗಂಡು ನೋಡುವ ಕಾಲಕ್ಕೆ ನಮ್ಮ ಹಿರಿಯರು ವಿಚಾರಿಸುತ್ತಿದ್ದ ಸಂಗತಿಗಳು ಕೆಲವಿದ್ದವು. ಮನೆತನ ಎಂಥದು, ಬೆಡಗು ಯಾವುದು, ಹುಡುಗನ ನಡತೆ ಹೇಗೆ, ಓದು ಎಷ್ಟು, ಹೊಲಕ್ಕೆ ನೀರುಂಟೆ, ಅತ್ತೆ-ಮಾವಂದಿರ ಸ್ವಭಾವ ಯಾವ ತೆರನಾದುದು ಎಂದು ಕೇಳಿ ತಿಳಿದು, ನಾಲ್ವರ ಬಾಯಿಂದ ಒಳ್ಳೆಯ ಮಾತು ಬಂದ ಮೇಲೆ ಸಂಬಂಧ ಕುದುರಿಸುತ್ತಿದ್ದರು. ಇತ್ತೀಚಿನ ವರ್ಷಗಳಲ್ಲಿ ಈ ಪಟ್ಟಿಗೆ ಇನ್ನೊಂದು ಪ್ರಶ್ನೆ ಸದ್ದಿಲ್ಲದೆ ಸೇರಿಕೊಂಡಿದೆ. ‘ಬೀಗರು ಯಾವ ಕಡೆಯವರು?’ ಇಲ್ಲಿ ಕಡೆ ಎಂದರೆ ದಿಕ್ಕಲ್ಲ, ಸೀಮೆಯಲ್ಲ; ರಾಜಕೀಯ ಪಕ್ಷ, ಅದಕ್ಕಿಂತ ಹೆಚ್ಚಾಗಿ ಪಕ್ಷದೊಳಗಿನ ಗುಂಪು, ಆ ಗುಂಪಿನ ನಾಯಕನ ಹೆಸರು.

ಈ ಪ್ರಶ್ನೆ ಕೇಳುವವರ ಮನಸ್ಸಿನಲ್ಲಿ ಕೇಡಿದೆ ಎನ್ನಲಾಗದು. ಹೆಣ್ಣು ಹೆತ್ತವರಿಗೆ ಅಂಜಿಕೆ ಸಹಜ. ನಾಳೆ ಚುನಾವಣೆ ಬಂದಾಗ ಮಗಳು ಹುಟ್ಟಿದ ಮನೆಯೂ ಹೊಕ್ಕ ಮನೆಯೂ ಎದುರುಬದುರಾಗಿ ನಿಂತರೆ, ಅವಳು ಯಾರ ಬಾಗಿಲಲ್ಲಿ ನಿಂತು ಕಣ್ಣೀರು ಒರೆಸಿಕೊಳ್ಳಬೇಕು ಎಂಬ ಆತಂಕವೇ ಈ ಪ್ರಶ್ನೆಯನ್ನು ಹುಟ್ಟಿಸಿದೆ. ಆದರೆ ಇಂಥ ಪ್ರಶ್ನೆ ಕೇಳಲೇಬೇಕಾದ ಸ್ಥಿತಿಗೆ ನಾವು ಬಂದುದು ಹೇಗೆ, ಇದರ ಕೊನೆ ಎಲ್ಲಿ ಎಂಬುದನ್ನು ಗೃಹಸ್ಥರಾದ ನಾವು ಒಂದಿಷ್ಟು ಶಾಂತಚಿತ್ತದಿಂದ ಯೋಚಿಸಬೇಕಾಗಿದೆ.

ಈ ವ್ಯಾಧಿ ನಮ್ಮೊಬ್ಬರದೇ ಅಲ್ಲ. ಅಮೆರಿಕದಲ್ಲಿ 1960ರಲ್ಲಿ ಜನರನ್ನು, ‘ನಿಮ್ಮ ಮಗ ಅಥವಾ ಮಗಳು ಎದುರು ಪಕ್ಷದವರನ್ನು ಮದುವೆಯಾದರೆ ನಿಮಗೆ ಬೇಸರವಾಗುವುದೇ?’ ಎಂದು ಕೇಳಿದ್ದರು. ಆಗ ಹೌದೆಂದವರು ನೂರಕ್ಕೆ ಐದು ಮಂದಿ ಮಾತ್ರ. ಅರ್ಧ ಶತಮಾನ ಕಳೆದು 2010ರಲ್ಲಿ ಅಂಥದೇ ಪ್ರಶ್ನೆ ಕೇಳಿದಾಗ ಒಂದು ಪಕ್ಷದ ಬೆಂಬಲಿಗರಲ್ಲಿ ಸುಮಾರು ಅರ್ಧದಷ್ಟು ಜನ, ಇನ್ನೊಂದು ಪಕ್ಷದವರಲ್ಲಿ ಮೂರರಲ್ಲಿ ಒಬ್ಬರು ಹೌದೆಂದರು. ಇದನ್ನು ಕಂಡ ವಿದ್ವಾಂಸರು ಈ ಸ್ಥಿತಿಗೆ ‘ಭಾವನಾತ್ಮಕ ಧ್ರುವೀಕರಣ’ ಎಂದು ಹೆಸರಿಟ್ಟರು. ಯುರೋಪಿನ ದೇಶಗಳಲ್ಲಿಯೂ ಈಗ ಇದೇ ಚಿಂತೆ, ಇದೇ ಅಧ್ಯಯನ. ಸಂಬಂಧ ಬೆಳೆಸುವ ಮಾತಿನಿಂದಲೇ ಸಮಾಜದ ಆರೋಗ್ಯವನ್ನು ಅಳೆಯಬಹುದೆಂದು ಅವರು ಕಂಡುಕೊಂಡದ್ದು ಗಮನಾರ್ಹ. ನಮ್ಮ ಅಜ್ಜಿಯಂದಿರಿಗೆ ಇದು ಹೇಳಿಕೊಡಬೇಕಾದ ವಿಷಯವೇ ಆಗಿರಲಿಲ್ಲ.

ಭಿನ್ನಾಭಿಪ್ರಾಯ ಬೇರೆ, ಹಗೆ ಬೇರೆ

ಅಭಿಪ್ರಾಯಗಳು ಬೇರೆಯಾಗಿರುವುದು ದೋಷವಲ್ಲ. ಕಬ್ಬಿಗೆ ದರ ಎಷ್ಟಿರಬೇಕು, ಶಾಲೆ ಯಾವ ಓಣಿಯಲ್ಲಿ ಕಟ್ಟಬೇಕು, ತೆರಿಗೆ ಯಾರ ಮೇಲೆ ಹಾಕಬೇಕು ಎಂಬ ವಿಷಯಗಳಲ್ಲಿ ಎಲ್ಲರೂ ಒಂದೇ ಮಾತನಾಡುವ ಊರು ಎಲ್ಲಿಯಾದರೂ ಇದ್ದರೆ, ಅಲ್ಲಿ ಯಾರೋ ಒಬ್ಬನ ಭಯ ಎಲ್ಲರ ಬಾಯಿ ಕಟ್ಟಿದೆ ಎಂದು ತಿಳಿಯಬೇಕು. ವಾದಿಸುವವರು ಬೇಕು, ವಿರೋಧಿಸುವವರು ಬೇಕು. ದೋಷವಿರುವುದು ಅದರ ಮುಂದಿನ ಹೆಜ್ಜೆಯಲ್ಲಿ. ‘ಅವನ ವಿಚಾರ ಸರಿಯಲ್ಲ’ ಎಂಬ ಮಾತು ‘ಅವನು ಮನುಷ್ಯನೇ ಸರಿಯಲ್ಲ’ ಎಂಬ ಮಾತಾದ ದಿನ ರೋಗ ಒಳಗೆ ಹೊಕ್ಕಿತೆಂದೇ ಅರ್ಥ.

ಬ್ರಿಟನ್ ದೇಶದಲ್ಲಿ ಇದು ನಡೆದುದನ್ನು ಜಗತ್ತೇ ನೋಡಿತು. ಯುರೋಪಿನ ಒಕ್ಕೂಟದಲ್ಲಿ ಉಳಿಯಬೇಕೇ, ಹೊರಬರಬೇಕೇ ಎಂದು 2016ರ ಜೂನ್ 23ರಂದು ಅಲ್ಲಿ ಜನಮತ ಕೇಳಿದರು. ಹೊರಬರಬೇಕೆಂದವರು ಶೇಕಡಾ 51.9, ಉಳಿಯಬೇಕೆಂದವರು ಶೇಕಡಾ 48.1. ಪ್ರಶ್ನೆ ವ್ಯಾಪಾರದ್ದು, ಕಾನೂನಿನದು, ವಲಸೆಯದು. ಅಲ್ಲಿಯವರೆಗೆ ದಿನನಿತ್ಯದ ಮಾತಿನಲ್ಲಿ ಈ ವಿಷಯ ಎತ್ತದೇ ಇದ್ದವರು ಕೂಡ ಮತ ಹಾಕಿದ ಮೇಲೆ ತಮ್ಮನ್ನು ‘ಉಳಿಯುವವರು’ ಇಲ್ಲವೆ ‘ಹೊರಡುವವರು’ ಎಂದು ಗುರುತಿಸಿಕೊಳ್ಳತೊಡಗಿದರು. ತಲೆತಲಾಂತರದ ಪಕ್ಷನಿಷ್ಠೆಗಿಂತಲೂ ಈ ಹೊಸ ಗುರುತು ಗಟ್ಟಿಯಾಯಿತು. ಇದನ್ನು ಅಭ್ಯಸಿಸಿದವರು ಎರಡೂ ಕಡೆಯವರನ್ನು ಮಾತನಾಡಿಸಿದಾಗ, ಪ್ರತಿಯೊಬ್ಬರೂ ತಮ್ಮವರನ್ನು ಪ್ರಾಮಾಣಿಕರು, ಬುದ್ಧಿವಂತರು ಎಂದರು. ಎದುರಿನವರನ್ನು ಕಪಟಿಗಳು, ಸ್ವಾರ್ಥಿಗಳು ಎಂದರು. ಎರಡೂ ಕಡೆ ಬಾಯಿಗೆ ಬಂದ ಶಬ್ದಗಳು ಅವೇ. ಬೊಟ್ಟು ಮಾಡುವ ದಿಕ್ಕು ಮಾತ್ರ ಬೇರೆ.

ಮನುಷ್ಯನ ಮನಸ್ಸು ಇಷ್ಟು ಬೇಗ ಎರಡು ಪಂಗಡವಾಗುವುದೇಕೆ? ಪೋಲೆಂಡಿನಲ್ಲಿ ಹುಟ್ಟಿ, ಹಿಟ್ಲರನ ಕಾಲದ ಹಿಂಸೆಯಲ್ಲಿ ಬಂಧುಬಳಗವನ್ನು ಕಳೆದುಕೊಂಡ ಹೆನ್ರಿ ತಾಜ್‌ಫೆಲ್ ಎಂಬ ಮನಶ್ಶಾಸ್ತ್ರಜ್ಞರು 1970ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಒಂದು ಪ್ರಯೋಗ ನಡೆಸಿದರು. 14-15 ವರ್ಷದ ಶಾಲಾ ಹುಡುಗರಿಗೆ ಇಬ್ಬರು ಕಲಾವಿದರ ಚಿತ್ರಗಳನ್ನು ತೋರಿಸಿ, ಯಾವುದು ಮೆಚ್ಚುಗೆಯಾಯಿತೆಂದು ಕೇಳಿ, ‘ನೀವು ಈ ಗುಂಪು, ಅವರು ಆ ಗುಂಪು’ ಎಂದು ಹೇಳಿದರು. ಹುಡುಗರ ನಡುವೆ ಜಗಳವಿಲ್ಲ, ಆಸ್ತಿಯ ವ್ಯಾಜ್ಯವಿಲ್ಲ. ತಮ್ಮ ಗುಂಪಿನಲ್ಲಿ ಯಾರಿದ್ದಾರೆ ಎಂಬುದೂ ಅವರಿಗೆ ತಿಳಿಯದು. ಆದರೂ ಹಣ ಹಂಚಲು ಹೇಳಿದಾಗ ಅವರು ತಮ್ಮ ಗುಂಪಿಗೆ ಹೆಚ್ಚು ಕೊಟ್ಟರು. ಇನ್ನೂ ಸೋಜಿಗದ ಸಂಗತಿಯೆಂದರೆ, ಎದುರು ಗುಂಪಿಗಿಂತ ತಮ್ಮದು ಮುಂದಿರಬೇಕೆಂಬ ಹಟಕ್ಕೆ, ತಮ್ಮವರಿಗೆ ಬರುವ ಲಾಭವನ್ನೇ ಕಡಿಮೆ ಮಾಡಿಕೊಳ್ಳಲೂ ಹಿಂಜರಿಯಲಿಲ್ಲ.

ಓದುಗ ಬಂಧುಗಳು ತಮ್ಮ ಊರಿನ ಚರಂಡಿ, ರಸ್ತೆ, ಸಮುದಾಯ ಭವನಗಳ ಕತೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಆ ಓಣಿಯವರಿಗೆ ಆಗುವುದಾದರೆ ನಮಗೂ ಬೇಡ ಎಂದು ಬಂದ ಅನುದಾನ ಮರಳಿ ಹೋಗುವಂತೆ ಮಾಡಿದ ಊರುಗಳು ಯಾವ ಸೀಮೆಯಲ್ಲಿಲ್ಲ?

ಮೂರು ದೇಶಗಳ ಪಾಠ

ಎಲ್ಲ ಸಮಾಜಗಳಲ್ಲಿಯೂ ಗೆರೆಗಳಿರುತ್ತವೆ. ಜಾತಿಯ ಗೆರೆ, ಭಾಷೆಯ ಗೆರೆ, ಪಕ್ಷದ ಗೆರೆ, ಉಳ್ಳವರು ಇಲ್ಲದವರ ಗೆರೆ. ಈ ಗೆರೆಗಳು ಒಂದನ್ನೊಂದು ಅಡ್ಡ ಹಾಯುತ್ತಿದ್ದರೆ ಸಮಾಜ ನೆಯ್ದ ಬಟ್ಟೆಯಂತೆ ಗಟ್ಟಿಯಾಗಿರುತ್ತದೆ. ಪಕ್ಷದಲ್ಲಿ ಎದುರಾಳಿಯಾದವನು ಸಂಘದಲ್ಲಿ ಜೊತೆಗಾರ, ಸಂಘದಲ್ಲಿ ಎದುರಾಳಿಯಾದವನು ಸಂಬಂಧದಲ್ಲಿ ಸೋದರಮಾವ. ಎಲ್ಲ ಗೆರೆಗಳೂ ಒಂದರ ಮೇಲೊಂದು ಬಿದ್ದು ಒಂದೇ ಗೆರೆಯಾದರೆ ಬಟ್ಟೆ ಅಲ್ಲಿಯೇ ಹರಿಯುತ್ತದೆ. ಯುರೋಪಿನ ಮೂರು ನಾಡುಗಳು ಇದನ್ನು ಸ್ಪಷ್ಟವಾಗಿ ತೋರಿಸಿಕೊಟ್ಟಿವೆ.

ನೆದರ್‌ಲ್ಯಾಂಡ್ಸ್ ದೇಶದಲ್ಲಿ ಕಳೆದ ಶತಮಾನದ ಅರವತ್ತರ ದಶಕದವರೆಗೆ ಕ್ಯಾಥೊಲಿಕರು, ಪ್ರೊಟೆಸ್ಟಂಟರು, ಸಮಾಜವಾದಿಗಳು ಪ್ರತ್ಯೇಕ ಬಾಳು ಬಾಳುತ್ತಿದ್ದರು. ಪ್ರತಿಯೊಂದು ಪಂಗಡಕ್ಕೂ ತನ್ನದೇ ಪತ್ರಿಕೆ, ತನ್ನದೇ ಕಾರ್ಮಿಕ ಸಂಘ, ತನ್ನದೇ ರೇಡಿಯೋ. ಒಂದೇ ಮಾಡಿನ ಕೆಳಗೆ ನಿಂತ ಬೇರೆ ಬೇರೆ ಕಂಬಗಳು ಎಂದು ಅವರೇ ಇದನ್ನು ಕರೆದರು. 1954ರಲ್ಲಿ ಅಲ್ಲಿಯ ಕ್ಯಾಥೊಲಿಕ್ ಧರ್ಮಾಧ್ಯಕ್ಷರು ತಮ್ಮ ಜನರು ಸಮಾಜವಾದಿಗಳ ಸಂಘ ಸೇರಬಾರದು, ಅವರ ರೇಡಿಯೋ ಕೇಳಬಾರದು ಎಂದು ಆಜ್ಞಾಪತ್ರವನ್ನೇ ಹೊರಡಿಸಿದರು. ಆದರೂ ಆ ದೇಶ ಒಡೆಯಲಿಲ್ಲ. ಪಂಗಡಗಳ ಮುಖಂಡರು ಮೇಲೆ ಕುಳಿತು ಮಾತನಾಡಿ, ಕೊಟ್ಟು-ತೆಗೆದುಕೊಂಡು ರಾಜ್ಯಭಾರ ನಡೆಸಿದರು. ಮುಂದೆ ದೂರದರ್ಶನ ಬಂದಾಗ ಮೊದಮೊದಲು ಒಂದೇ ವಾಹಿನಿ ಇದ್ದುದರಿಂದ ಎಲ್ಲ ಪಂಗಡದವರೂ ಪರಸ್ಪರರ ಕಾರ್ಯಕ್ರಮಗಳನ್ನು ನೋಡಬೇಕಾಯಿತು. ಎದುರಿನವರೂ ತಮ್ಮಂತೆಯೇ ನಗುತ್ತಾರೆ, ಅಳುತ್ತಾರೆ ಎಂಬುದು ಮನೆಮನೆಗೆ ಕಂಡಿತು. ಕಂಬಗಳು ಸಡಿಲಗೊಂಡುದಕ್ಕೆ ಇದೂ ಒಂದು ಕಾರಣ.

ಎರಡನೆಯದು ಬೆಲ್ಜಿಯಂ. 1425ರಲ್ಲಿ ಸ್ಥಾಪನೆಯಾದ ಲ್ಯೂವೆನ್ ವಿಶ್ವವಿದ್ಯಾಲಯದಲ್ಲಿ ಡಚ್ ಮತ್ತು ಫ್ರೆಂಚ್ ಭಾಷಿಕರ ಜಗಳ ಬೆಳೆದು, 1968ರಲ್ಲಿ ಸರ್ಕಾರವನ್ನೇ ಉರುಳಿಸಿತು. ಕೊನೆಗೆ ವಿಶ್ವವಿದ್ಯಾಲಯವನ್ನು ಎರಡಾಗಿ ಒಡೆದರು. ಗ್ರಂಥಭಂಡಾರವನ್ನು ಹೇಗೆ ಹಂಚುವುದು? ಪುಸ್ತಕಗಳ ಕ್ರಮಸಂಖ್ಯೆ ಸಮವಾಗಿದ್ದರೆ ಒಬ್ಬರಿಗೆ, ಬೆಸವಾಗಿದ್ದರೆ ಇನ್ನೊಬ್ಬರಿಗೆ ಎಂದು ಹಂಚಿದರು. ಅಣ್ಣತಮ್ಮಂದಿರು ಹಠಕ್ಕೆ ಬಿದ್ದು ಬೀಸುಕಲ್ಲನ್ನು ಮೇಲಿನದು ನಿನಗೆ, ಕೆಳಗಿನದು ನನಗೆ ಎಂದು ಪಾಲು ಮಾಡಿಕೊಂಡಂತೆ ಇದು.

ಮೂರನೆಯದು ಉತ್ತರ ಐರ್ಲೆಂಡ್. ಅಲ್ಲಿ ಧರ್ಮ, ರಾಜಕೀಯ ಪಕ್ಷ, ಶಾಲೆ, ಓಣಿ ಎಲ್ಲವೂ ಒಂದೇ ಗೆರೆಯ ಮೇಲೆ ಬಿದ್ದವು. ಪರಿಣಾಮವಾಗಿ ಮೂವತ್ತು ವರ್ಷಗಳಲ್ಲಿ 3,500ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಬೆಲ್‌ಫಾಸ್ಟ್ ನಗರದಲ್ಲಿ 1969ರಲ್ಲಿ ಎರಡೂ ಪಂಗಡಗಳ ಓಣಿಗಳ ನಡುವೆ ಗೋಡೆ ಎಬ್ಬಿಸಿದರು. 1998ರಲ್ಲಿ ಶಾಂತಿ ಒಪ್ಪಂದವಾಯಿತು, ಬಂದೂಕುಗಳು ಮೌನವಾದವು. ಆದರೆ ಗೋಡೆಗಳಲ್ಲಿ ಹೆಚ್ಚಿನವು ಇಂದಿಗೂ ನಿಂತಿವೆ. ನಾಯಕರು ಕೈಕುಲುಕಿ ದಶಕಗಳಾದರೂ ಅಲ್ಲಿನ ಬಹುತೇಕ ಮಕ್ಕಳು ಇನ್ನೂ ಬೇರೆ ಬೇರೆ ಶಾಲೆಗಳಲ್ಲಿಯೇ ಕಲಿಯುತ್ತಿದ್ದಾರೆ. ಹಗೆ ಕಟ್ಟುವುದು ಎಷ್ಟು ಸುಲಭ, ಕಳಚುವುದು ಎಷ್ಟು ಕಷ್ಟ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಘಟಪ್ರಭೆಯ ದಂಡೆಯಲ್ಲಿ

ಇನ್ನು ನಮ್ಮ ನಾಡಿಗೆ ಬರೋಣ. ಹುಕ್ಕೇರಿ, ಗೋಕಾಕ ಮತ್ತು ಗೋಕಾಕದಿಂದ ಬೇರ್ಪಟ್ಟು ತಾಲ್ಲೂಕಾದ ಮೂಡಲಗಿ; ಮೂರಕ್ಕೂ ಘಟಪ್ರಭೆಯೇ ತಾಯಿ. ಹಿಡಕಲ್ ಜಲಾಶಯದ ನೀರು ಕಾಲುವೆಗೆ ಬಂದಾಗ ಅದು ಯಾವ ಪಕ್ಷದ ಹೊಲವೆಂದು ಕೇಳುವುದಿಲ್ಲ. ಆದರೆ ರಾಜಕೀಯದ ಕಾವು ಈ ಮೂರು ತಾಲ್ಲೂಕುಗಳಲ್ಲಿ ಎಷ್ಟೆಂಬುದು ರಾಜ್ಯಕ್ಕೆಲ್ಲ ಗೊತ್ತು.

ಗೋಕಾಕವನ್ನೇ ನೋಡಿ. 2018ರ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ ಶ್ರೀ ರಮೇಶ ಜಾರಕಿಹೊಳಿಯವರು ಕಾಂಗ್ರೆಸ್ಸಿನಿಂದ, ಶ್ರೀ ಅಶೋಕ ಪೂಜಾರಿಯವರು ಭಾರತೀಯ ಜನತಾ ಪಕ್ಷದಿಂದ ಸ್ಪರ್ಧಿಸಿದ್ದರು. 2019ರ ಡಿಸೆಂಬರ್‌ನ ಉಪಚುನಾವಣೆಯಲ್ಲಿ ರಮೇಶ ಅವರು ಭಾರತೀಯ ಜನತಾ ಪಕ್ಷದ ಅಭ್ಯರ್ಥಿ, ಪೂಜಾರಿಯವರು ಜನತಾದಳದ ಅಭ್ಯರ್ಥಿ. ಕಾಂಗ್ರೆಸ್ಸಿನಿಂದ ನಿಂತವರು ರಮೇಶ ಅವರ ತಮ್ಮನೇ ಆದ ಶ್ರೀ ಲಖನ್ ಜಾರಕಿಹೊಳಿ. ಅದೇ ಮನೆತನದ ಶ್ರೀ ಬಾಲಚಂದ್ರ ಅವರು ಮೂಡಲಗಿ ಭಾಗದ ಅರಭಾವಿ ಕ್ಷೇತ್ರದ ಶಾಸಕರಾಗಿ ಭಾರತೀಯ ಜನತಾ ಪಕ್ಷದಲ್ಲಿ, ಶ್ರೀ ಸತೀಶ ಅವರು ಹುಕ್ಕೇರಿ ತಾಲ್ಲೂಕಿನ ಯಮಕನಮರಡಿ ಕ್ಷೇತ್ರದ ಶಾಸಕರಾಗಿ ಕಾಂಗ್ರೆಸ್ಸಿನಲ್ಲಿ. ಹುಕ್ಕೇರಿಯ ದಿವಂಗತ ಉಮೇಶ ಕತ್ತಿಯವರೂ ಬೇರೆ ಬೇರೆ ಪಕ್ಷಗಳಿಂದ ಎಂಟು ಸಲ ವಿಧಾನಸಭೆಗೆ ಆರಿಸಿ ಬಂದವರು.

ಇಲ್ಲಿ ಯಾರನ್ನೂ ದೂಷಿಸುವ ಉದ್ದೇಶವಿಲ್ಲ. ಅಣ್ಣತಮ್ಮಂದಿರು ಬೇರೆ ಬೇರೆ ಪಕ್ಷಗಳಲ್ಲಿರುವುದೂ, ಒಬ್ಬರು ಪಕ್ಷ ಬದಲಿಸುವುದೂ ಅವರವರ ವಿಚಾರಕ್ಕೆ ಬಿಟ್ಟದ್ದು. ಮೆಚ್ಚುವ, ತಿರಸ್ಕರಿಸುವ ಅಧಿಕಾರ ಮತದಾರನದು. ಕೇಳಬೇಕಾದ ಪ್ರಶ್ನೆ ಬೇರೆ. 2018ರಲ್ಲಿ ಒಂದು ಚಿಹ್ನೆಗಾಗಿ ನೆರೆಯವನೊಡನೆ ಜಗಳವಾಡಿದ ಕಾರ್ಯಕರ್ತನು ಹತ್ತೊಂಬತ್ತು ತಿಂಗಳಲ್ಲಿ ಅದೇ ಚಿಹ್ನೆಯ ವಿರುದ್ಧ ಪ್ರಚಾರ ಮಾಡಬೇಕಾಗಿ ಬಂದಾಗ, ಮೊದಲು ಮುರಿದುಕೊಂಡ ನೆರೆಯವನ ಸ್ನೇಹವನ್ನು ಯಾರು ಮರಳಿ ಕೊಟ್ಟರು? ನಾಯಕನಿಗೆ ಪಕ್ಷವೆಂಬುದು ಬಾಗಿಲಿದ್ದಂತೆ. ಒಂದರಿಂದ ಹೊರಬಂದು ಇನ್ನೊಂದರೊಳಗೆ ಹೋಗಬಲ್ಲ. ಹಿಂಬಾಲಕನಿಗೆ ಅದು ಗೋಡೆಯಾಗಿ ನಿಲ್ಲುತ್ತದೆ. ಮೇಲಿನವರ ಒಪ್ಪಂದ ಒಂದು ರಾತ್ರಿಯ ಮಾತುಕತೆಯಲ್ಲಿ ಆಗುತ್ತದೆ, ಕೆಳಗಿನವರ ಮನಸ್ತಾಪ ಮೊಮ್ಮಕ್ಕಳವರೆಗೆ ಉಳಿಯುತ್ತದೆ.

ಆ 2019ನೆಯ ವರ್ಷವೇ ಇನ್ನೊಂದು ಪಾಠವನ್ನೂ ಕಲಿಸಿತ್ತು. ಉಪಚುನಾವಣೆಗೆ ನಾಲ್ಕು ತಿಂಗಳು ಮೊದಲು, ಆಗಸ್ಟ್‌ನಲ್ಲಿ, ಘಟಪ್ರಭೆ ಮತ್ತು ಮಾರ್ಕಂಡೇಯ ನದಿಗಳು ಉಕ್ಕಿ ಗೋಕಾಕ ಪಟ್ಟಣಕ್ಕೇ ನೀರು ನುಗ್ಗಿತ್ತು. ಮನೆ ಬಿಟ್ಟು ಹೊರಟವರು ಪಕ್ಷಾತೀತರಾಗಿ ಒಂದೇ ಸೂರಿನಡಿ ಮಲಗಿದರು, ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರು. ನೀರು ಇಳಿದ ಮೇಲೆ ಕೆಸರು ತೆಗೆಯಲು ಬಂದವರ ಕೈಗಳನ್ನು ಯಾರೂ ಯಾವ ಕಡೆಯವು ಎಂದು ವಿಚಾರಿಸಲಿಲ್ಲ. ಆಗಸ್ಟಿನ ಆ ಸಹಬಾಳ್ವೆ ಡಿಸೆಂಬರಿನಲ್ಲಿ ಪ್ರಚಾರದ ವಾಹನಗಳ ಸದ್ದಿಗೆ ಅಡಗಿಹೋಗಬೇಕಿತ್ತೇ?

ಹುಕ್ಕೇರಿಯ ಉದಾಹರಣೆ ಇನ್ನೂ ಹತ್ತಿರದ್ದು. 1969ರಲ್ಲಿ ಸ್ಥಾಪಿತವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ಹಳ್ಳಿಗರೇ ಸದಸ್ಯರಾಗಿ ತಮ್ಮ ಮನೆಗೆ, ತಮ್ಮ ಪಂಪ್‌ಸೆಟ್ಟಿಗೆ ತಾವೇ ವಿದ್ಯುತ್ ಹಂಚಿಕೊಳ್ಳುವ ಅಪರೂಪದ ಸಂಸ್ಥೆ. ಇದರ ಆಡಳಿತ ಮಂಡಳಿಗೆ 2025ರ ಸೆಪ್ಟೆಂಬರ್‌ನಲ್ಲಿ ನಡೆದ ಚುನಾವಣೆ ವಿಧಾನಸಭೆಯ ಚುನಾವಣೆಯನ್ನು ಮೀರಿಸುವಷ್ಟು ಬಿಸಿಯೇರಿತು. ಗಮನಿಸಬೇಕಾದ ಅಂಶವೆಂದರೆ, ವಿಧಾನಸಭೆಗೆ ಎದುರುಬದುರು ನಿಂತಿದ್ದ ಮನೆತನಗಳು ಇಲ್ಲಿ ಒಂದೇ ಪ್ಯಾನಲ್ಲಿನಲ್ಲಿ ಕೂಡಿದವು. ಎದುರು ಪ್ಯಾನಲ್ಲಿನಲ್ಲಿಯೂ ಎರಡೂ ಪಕ್ಷಗಳ ಮುಖಂಡರಿದ್ದರು. ಹಾಗಾದರೆ ಇಷ್ಟು ವರ್ಷ ಆ ಪಕ್ಷ, ಈ ಪಕ್ಷ ಎಂದು ಓಣಿಯಲ್ಲಿ ಮಾತು ಬಿಟ್ಟವರು ಯಾವ ಸಿದ್ಧಾಂತಕ್ಕಾಗಿ ಬಿಟ್ಟರು? ದೀಪ ಉರಿಸುವ ಸಂಘವೇ ಮನೆಗಳ ನಡುವೆ ಕತ್ತಲೆ ತರಬಾರದು.

ಮೂಡಲಗಿ ತಾಲ್ಲೂಕು ಇದಕ್ಕೆ ಪ್ರತಿಯಾದ ಒಂದು ಒಳ್ಳೆಯ ದೃಶ್ಯವನ್ನೂ ತೋರಿಸಿತು. 2025ರ ಅಕ್ಟೋಬರ್ ಕೊನೆಯಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ದರ ಬೇಕೆಂದು ಧರಣಿ ಕುಳಿತರು. ಒಂದು ವಾರಕ್ಕೂ ಮೀರಿ ನಡೆದ ಆ ಹೋರಾಟದಲ್ಲಿ ಬೇರೆ ಬೇರೆ ಪಕ್ಷಗಳಿಗೆ ಮತ ಹಾಕಿದ ರೈತರು ಹೆದ್ದಾರಿಯ ಮೇಲೆ ಹೆಗಲಿಗೆ ಹೆಗಲು ಹಚ್ಚಿ ಕುಳಿತಿದ್ದರು. ನವೆಂಬರ್ ಮೊದಲ ವಾರದ ಕೊನೆಗೆ ಸರ್ಕಾರ 3,300 ರೂಪಾಯಿಯ ದರ ಪ್ರಕಟಿಸಿತು. ಕೇಳಿದ್ದೆಲ್ಲ ಸಿಗಲಿಲ್ಲ ಎಂಬುದು ನಿಜ. ಆದರೆ ಗುಂಪುಗಳಾಗಿ ಹಂಚಿಹೋಗಿದ್ದರೆ ಅಷ್ಟೂ ದೊರೆಯುತ್ತಿರಲಿಲ್ಲ. ಕಬ್ಬಿನ ಗೆರೆ ಪಕ್ಷದ ಗೆರೆಯನ್ನು ಅಡ್ಡ ಹಾಯ್ದ ಸ್ಥಳ ಗುರ್ಲಾಪುರ.

ಭಾಷೆಯ ವಿಷಯದಲ್ಲಿಯೂ ಮಾತು ಇದೇ. ಸಂಕೇಶ್ವರಕ್ಕೂ ಮಹಾರಾಷ್ಟ್ರದ ಗಡಹಿಂಗ್ಲಜಕ್ಕೂ ನಡುವೆ ಗಡಿಯ ಗೆರೆ ಇರಬಹುದು. ಹೆಣ್ಣು ಕೊಟ್ಟು-ತಂದ ಮನೆಗಳು ಎರಡೂ ಕಡೆ ಇವೆ. 1967ರ ಮಹಾಜನ ಆಯೋಗದ ವರದಿ, 2004ರಿಂದ ಸರ್ವೋಚ್ಚ ನ್ಯಾಯಾಲಯದಲ್ಲಿರುವ ವ್ಯಾಜ್ಯ ಇವೆಲ್ಲ ಇದ್ದೇ ಇವೆ. ಕನ್ನಡದ ನೆಲದ ಹಕ್ಕನ್ನು ನಾವು ಬಿಟ್ಟುಕೊಡುವ ಪ್ರಶ್ನೆಯಿಲ್ಲ. ಆದರೆ 2022ರ ಡಿಸೆಂಬರ್‌ನಲ್ಲಿ ಎರಡೂ ರಾಜ್ಯಗಳ ನಡುವಿನ ಬಸ್ಸು ನಿಂತಾಗ ದಾರಿಯಲ್ಲಿ ಸಿಕ್ಕಿಬಿದ್ದವರು ಭಾಷಣ ಮಾಡುವವರಲ್ಲ. ಬಾಣಂತಿ ಮಗಳನ್ನು ನೋಡಲು ಹೊರಟ ತಾಯಂಥವರು.

ನಮ್ಮ ಸಮಾಜದೊಳಗೆ

ಬೇರೆಯವರ ಮನೆಯ ಮಾತಾಡಿ ನಮ್ಮ ಮನೆಯ ಮಾತನ್ನು ಮರೆಯಬಾರದು. ಪ್ರತ್ಯೇಕ ಧರ್ಮದ ಮಾನ್ಯತೆಯ ಪ್ರಶ್ನೆ 2017ರಲ್ಲಿ ಎದ್ದಾಗ ಬೀದರ, ಬೆಳಗಾವಿಗಳಲ್ಲಿ ಬೃಹತ್ ಸಮಾವೇಶಗಳು ನಡೆದವು. ನ್ಯಾಯಮೂರ್ತಿ ನಾಗಮೋಹನದಾಸ್ ಅವರ ಅಧ್ಯಕ್ಷತೆಯ ಸಮಿತಿಯ ಶಿಫಾರಸನ್ನು 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಒಪ್ಪಿತು, ಕೇಂದ್ರ ಸರ್ಕಾರ ಒಪ್ಪಲಿಲ್ಲ. ಮತ್ತೆ 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಆರಂಭವಾದಾಗ ಧರ್ಮದ ಕಾಲಂನಲ್ಲಿ ಏನು ಬರೆಸಬೇಕೆಂಬ ಚರ್ಚೆ ಮನೆಮನೆಯಲ್ಲಿ ನಡೆಯಿತು. ಅದಕ್ಕೆ ಸರಿಯುತ್ತರ ಯಾವುದೆಂಬುದು ಈ ಅಂಕಣದ ವಿಷಯವಲ್ಲ; ಆ ಪ್ರಶ್ನೆಯನ್ನು ನಾವು ಯಾವ ನಾಲಗೆಯಿಂದ ಚರ್ಚಿಸಿದೆವು ಎಂಬುದು ವಿಷಯ. ಒಂದೇ ದೇವರ ಕೋಣೆಯಲ್ಲಿ ಲಿಂಗಪೂಜೆ ಮಾಡುವ ಅಣ್ಣತಮ್ಮಂದಿರು ಈ ಮಾತಿಗಾಗಿ ಒಬ್ಬರನ್ನೊಬ್ಬರು ದ್ರೋಹಿ ಎಂದು ಕರೆದರೆ, ಗೆದ್ದ ಪಕ್ಷ ಯಾವುದೇ ಇರಲಿ, ಸೋತದ್ದು ಮನೆ.

ಹನ್ನೆರಡನೆಯ ಶತಮಾನದ ಅನುಭವ ಮಂಟಪವನ್ನು ನೆನೆಯುವಾಗ ಅಲ್ಲಿ ಎಲ್ಲರೂ ಎಲ್ಲಕ್ಕೂ ತಲೆಯಾಡಿಸಿದರೆಂದು ಕೆಲವರು ಭಾವಿಸುತ್ತಾರೆ. ಹದಿನೈದನೆಯ ಶತಮಾನದಲ್ಲಿ ಸಂಕಲನಗೊಂಡ ಶೂನ್ಯಸಂಪಾದನೆಯನ್ನು ಓದಿದವರಿಗೆ ಬೇರೆಯದೇ ಚಿತ್ರ ಕಾಣುತ್ತದೆ. ಅಲ್ಲಮಪ್ರಭುಗಳು ಸಿದ್ಧರಾಮನನ್ನು ಕೆಣಕುತ್ತಾರೆ, ಅಕ್ಕಮಹಾದೇವಿಯನ್ನು ಕಠಿಣ ಪ್ರಶ್ನೆಗಳಿಂದ ಪರೀಕ್ಷಿಸುತ್ತಾರೆ. ಅವರು ಎದುರುತ್ತರ ಕೊಡುತ್ತಾರೆ. ಮಾತು ಹರಿತ, ಆದರೆ ಮಾತು ಮುಗಿದ ಮೇಲೆ ಶರಣು ಶರಣಾರ್ಥಿ. ಎದುರಾಡಿದವರನ್ನು ಮಂಟಪದಿಂದ ಹೊರಗೆ ನೂಕಲಿಲ್ಲ. ನಾವು ಉಳಿಸಿಕೊಳ್ಳಬೇಕಾದ ಪರಂಪರೆ ಇದು.

ಹೆಣ್ಣುಮಕ್ಕಳ ಪಾಲಿಗೆ ಬರುವುದು

ಈ ಹಗೆಯ ಭಾರವನ್ನು ಹೆಚ್ಚಾಗಿ ಹೊರುವವರು ಮನೆಯ ಹೆಣ್ಣುಮಕ್ಕಳು. ಗಂಡಸರು ಕಟ್ಟೆಯ ಮೇಲೆ ಮಾತನಾಡಿ ಎದ್ದು ಬರುತ್ತಾರೆ. ಆದರೆ ಎದುರು ಗುಂಪಿನ ಮನೆಯ ಕುಬುಸಕ್ಕೆ ಹೋಗಬೇಡ, ಅವರ ಹೊಸ್ತಿಲು ತುಳಿಯಬೇಡ ಎಂಬ ಆಜ್ಞೆ ಬರುವುದು ಸೊಸೆಗೆ. ತವರಿನವರು ಆ ಕಡೆ, ಗಂಡನ ಮನೆಯವರು ಈ ಕಡೆ ಆದಾಗ ಪಂಚಮಿಗೆ ಕರೆಯಲು ಅಣ್ಣ ಬಾರದಿದ್ದರೆ, ಅವಳು ಯಾರನ್ನು ದೂರಬೇಕು? ಅವಳ ಮತವನ್ನೂ ಮನೆಯ ಯಜಮಾನನೇ ನಿರ್ಧರಿಸಿರುತ್ತಾನೆ. ಅವಳ ಸಂಬಂಧವನ್ನೂ ಅವನೇ ಕಡಿದಿರುತ್ತಾನೆ.

ಇನ್ನು ಮಕ್ಕಳು. ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತ ಹುಡುಗರು ಮನೆಗೆ ಬಂದು ದೊಡ್ಡವರ ಮಾತು ಕೇಳಿ ಮರುದಿನ ಬೇರೆ ಬೇರೆ ಬೆಂಚಿಗೆ ಹೋದರೆ, ಬೆಲ್‌ಫಾಸ್ಟಿನ ಗೋಡೆಯ ಮೊದಲ ಇಟ್ಟಿಗೆಯನ್ನು ನಾವೇ ಇಟ್ಟಂತೆ. ಕೈಯಲ್ಲಿರುವ ಮೊಬೈಲು ಈ ಕೆಲಸವನ್ನು ಇನ್ನಷ್ಟು ಸುಲಭ ಮಾಡಿದೆ. ಒಮ್ಮೆ ಸಿಟ್ಟಿನ ಸುದ್ದಿ ನೋಡಿದವನಿಗೆ ಅದು ಮತ್ತೆ ಮತ್ತೆ ಸಿಟ್ಟಿನ ಸುದ್ದಿಯನ್ನೇ ಹುಡುಕಿ ತಂದು ಮುಂದಿಡುತ್ತದೆ. ಡಚ್ಚರ ನಾಡಿನಲ್ಲಿ ಒಂದೇ ವಾಹಿನಿಯನ್ನು ಎಲ್ಲರೂ ನೋಡಿದ್ದರಿಂದ ಕಂಬಗಳು ಸಡಿಲವಾದವು. ಇಂದು ಒಂದೇ ಮನೆಯ ನಾಲ್ವರು ನಾಲ್ಕು ಪರದೆಗಳಲ್ಲಿ ನಾಲ್ಕು ಲೋಕಗಳನ್ನು ನೋಡುತ್ತಿದ್ದಾರೆ.

ಮನೆಯಿಂದಲೇ ಆರಂಭವಾಗಲಿ

ಇದಕ್ಕೆ ಪರಿಹಾರ ದೊಡ್ಡ ಸಭೆಗಳಲ್ಲಿ ಸಿಗುವಂಥದಲ್ಲ. ಗೃಹಸ್ಥರು ತಮ್ಮ ಮಟ್ಟದಲ್ಲಿ ಕೆಲವು ನಿಯಮಗಳನ್ನು ಇಟ್ಟುಕೊಳ್ಳಬಹುದು.

ಮೊದಲನೆಯದು, ಮಣ್ಣು ಮತ್ತು ಮದುವೆ ಪಕ್ಷದ ಆಚೆಗಿರಲಿ. ಎದುರು ಗುಂಪಿನವರ ಮನೆಯಲ್ಲಿ ಸಾವಾದರೆ ಮಣ್ಣಿಗೆ ಹೋಗಲೇಬೇಕು. ಕರೆ ಬರಲಿ ಎಂದು ಕಾಯಬಾರದು. ಸಮಾಧಿಗೆ ಹಾಕಿದ ಒಂದು ಹಿಡಿ ಮಣ್ಣು ಹತ್ತು ವರ್ಷದ ಮನಸ್ತಾಪವನ್ನು ಮುಚ್ಚಬಲ್ಲದು. ಅಕ್ಕಿಕಾಳು ಹಾಕಲು ಹೋಗುವುದಕ್ಕೂ ಇದೇ ಮಾತು.

ಎರಡನೆಯದು, ಒಂದು ಮನೆಗೆ ಒಂದೇ ಮತ ಎಂಬ ರೂಢಿ ಬಿಡಬೇಕು. ಸೊಸೆಗೆ, ಮಗನಿಗೆ, ವೃದ್ಧ ತಾಯಿಗೆ ಅವರವರ ವಿಚಾರ ಇರಲಿ. ಒಂದೇ ಮನೆಯಲ್ಲಿ ಎರಡು ಅಭಿಪ್ರಾಯ ಸಹಿಸುವುದನ್ನು ಕಲಿತವರಿಗೆ ಊರಿನಲ್ಲಿ ಎರಡು ಅಭಿಪ್ರಾಯ ಸಹಿಸುವುದು ಕಷ್ಟವಾಗದು.

ಮೂರನೆಯದು, ಸಂಘ-ಸಂಸ್ಥೆಗಳನ್ನು ಒಡೆಯಬಾರದು. ಪಿಕೆಪಿಎಸ್ ಇರಲಿ, ಹಾಲಿನ ಡೈರಿ ಇರಲಿ, ಜಾತ್ರೆಯ ಕಮಿಟಿ ಇರಲಿ, ಎರಡೂ ಕಡೆಯವರು ಕೂಡಿ ಕುಳಿತುಕೊಳ್ಳುವ ಒಂದು ಜಾಗವಾದರೂ ಪ್ರತಿ ಊರಿನಲ್ಲಿ ಉಳಿಯಬೇಕು. ಸೋತವರು ಬೇರೆ ಸಂಘ ಕಟ್ಟುವ ಮೊದಲು, ಗೆದ್ದವರು ಸೋತವರಿಗೆ ಒಂದು ಕುರ್ಚಿ ಕೊಡುವ ದೊಡ್ಡತನ ತೋರಬೇಕು. ಎಲ್ಲವೂ ಎರಡೆರಡಾದ ಊರಿನಲ್ಲಿ ಕೊನೆಗೆ ಪ್ರೀತಿಯೂ ಅರ್ಧಕ್ಕಿಳಿಯುತ್ತದೆ.

ನಾಲ್ಕನೆಯದು, ಮೊಬೈಲಿನ ಕುಟುಂಬ ಗುಂಪುಗಳಲ್ಲಿ ರಾಜಕೀಯದ ನಿಂದೆಯನ್ನು ಹಾಯಿಸಬಾರದು. ಹೇಳಲೇಬೇಕಾದ ಮಾತಿದ್ದರೆ ಎದುರು ಕುಳಿತು, ಚಹಾ ಕುಡಿಯುತ್ತ ಹೇಳಲಿ. ಎದುರಿನವನ ಮುಖ ಕಾಣುತ್ತಿರುವಾಗ ನಾಲಗೆ ತಾನೇ ಅಳತೆ ತಪ್ಪುವುದಿಲ್ಲ.

ಒಂದು ಎಚ್ಚರಿಕೆಯ ಮಾತನ್ನೂ ಇಲ್ಲಿ ಸೇರಿಸಬೇಕು. ಸಾಮರಸ್ಯದ ಹೆಸರಿನಲ್ಲಿ ಅನ್ಯಾಯಕ್ಕೊಳಗಾದವನ ಬಾಯಿ ಮುಚ್ಚಿಸಬಾರದು. ಕಾಲುವೆಯ ಪಾಳಿ ತಪ್ಪಿಸಿದ್ದರೆ, ಲೆಕ್ಕದಲ್ಲಿ ಮೋಸವಾಗಿದ್ದರೆ, ಬಡವನ ಮನೆಯ ಫಲಾನುಭವಿ ಪಟ್ಟಿಯ ಹೆಸರನ್ನು ಗುಂಪಿನ ಕಾರಣಕ್ಕೆ ಹೊಡೆದುಹಾಕಿದ್ದರೆ ಕೇಳಲೇಬೇಕು, ಗಟ್ಟಿಯಾಗಿಯೇ ಕೇಳಬೇಕು. ಆ ಪ್ರಶ್ನೆಯನ್ನು ನಮ್ಮ ಕಡೆಯವನು ತಪ್ಪು ಮಾಡಿದಾಗಲೂ ಕೇಳುವ ಧೈರ್ಯವಿದ್ದವನೇ ನಿಜವಾದ ನ್ಯಾಯಪಕ್ಷಪಾತಿ. ಎದುರಿನವನ ತಪ್ಪು ಮಾತ್ರ ಕಾಣುವ ಕಣ್ಣು ಕಣ್ಣಲ್ಲ.

ಮುಂದಿನ ಚುನಾವಣೆ ಬರುತ್ತದೆ. ಗ್ರಾಮ ಪಂಚಾಯಿತಿಯದೋ, ಸಹಕಾರಿ ಸಂಘದ್ದೋ, ವಿಧಾನಸಭೆಯದೋ, ಯಾವುದಾದರೊಂದು ಬಂದೇ ಬರುತ್ತದೆ. ಮತ ಹಾಕಿರಿ, ಪ್ರಚಾರ ಮಾಡಿರಿ, ವಾದಿಸಿರಿ. ಮತ ಎಣಿಕೆಯಾದ ಮರುದಿನ ಎದುರು ಮನೆಯವರನ್ನು ಮಾತನಾಡಿಸಿರಿ. ಹೆಣ್ಣು-ಗಂಡು ನೋಡುವಾಗ ‘ಯಾವ ಕಡೆಯವರು’ ಎಂಬ ಪ್ರಶ್ನೆ ಬಾಯಿಗೆ ಬಂದರೆ ಅದನ್ನು ನುಂಗಿ, ಹುಡುಗ ಸದ್ಗುಣಿಯೇ, ಮನೆಯವರು ಸೊಸೆಯನ್ನು ಮಗಳಂತೆ ನೋಡಿಕೊಳ್ಳುವರೇ ಎಂದು ವಿಚಾರಿಸಿರಿ. ಹಿರಿಯರು ಕೇಳುತ್ತಿದ್ದ ಆ ಪ್ರಶ್ನೆಗಳ ಮೇಲೆಯೇ ಸಂಸಾರ ನಿಲ್ಲುತ್ತದೆ. ಬೀಗರು ಆ ಕಡೆಯವರಾಗಿದ್ದರೆ ಇನ್ನೂ ಒಳ್ಳೆಯದು. ಊರಿನ ಎರಡು ಓಣಿಗಳ ನಡುವೆ ಹೋಗಿಬರುವ ದಾರಿಯೊಂದು ಅಷ್ಟರಮಟ್ಟಿಗೆ ತೆರೆದಿರುತ್ತದೆ.